ಹಿಮಗಡಲಿನ ಅರವಟ್ಟಿಗೆ

ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಗ್ಲೋಬ್ ಇದ್ದರೆ ಅದನ್ನು ಮುಂದಿಟ್ಟುಕೊಂಡು ನಾರ್ವೆ ದೇಶದ ಉತ್ತರದ ತುದಿಯ ಮೇಲೆ ಬೆರಳಿಡಿ. ಅಲ್ಲಿಂದ ಬೆರಳನ್ನು ಮೇಲಕ್ಕೆ, ತುಸು ಬಲಕ್ಕೆ ಸರಿಸುತ್ತಾ ಹೋಗಿ. ಬ್ಯಾರೆಂಟ್ಸ್ ಸಮುದ್ರ ದಾಟಿದ ಮೇಲೆ, 80 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ, ಚೆಲ್ಲಿದ ಅಕ್ಕಿನುಚ್ಚಿನಂತೆ ಕೆಲವು ಚುಕ್ಕೆಗಳು ಕಾಣುತ್ತವೆ. ಅವೇ ಫ್ರಾಂಜ್ ಜೋಸೆಫ್ ದ್ವೀಪಸ್ತೋಮ. ಸುಮಾರು 190 ದ್ವೀಪಗಳ ಈ ಗುಂಪು ಇಂದು ರಷ್ಯ ದೇಶಕ್ಕೆ ಸೇರಿದೆ. ನೆಲದ ಬಹುಪಾಲು ಸದಾ ಹಿಮದ ಹೊದಿಕೆಯ ಕೆಳಗೇ ಇರುತ್ತದೆ. ವರ್ಷದಲ್ಲಿ ನಾಲ್ಕು ತಿಂಗಳ ಕಾಲ ಅಲ್ಲಿ ಸೂರ್ಯ ಮೂಡುವುದೇ ಇಲ್ಲ. ಅಲ್ಲಿಂದ ಉತ್ತರ ಧ್ರುವಕ್ಕೆ ಉಳಿಯುವ ದೂರ ಸುಮಾರು 1,100 ಕಿಲೋಮೀಟರ್.

ಈ ದ್ವೀಪಗಳ ಪೈಕಿ ದಕ್ಷಿಣದ ಅಂಚಿನಲ್ಲಿರುವ ಒಂದರ ಹೆಸರು ನಾರ್ತ್‌ಬ್ರೂಕ್. 1872ರಿಂದ 1876ರವರೆಗೆ ಭಾರತದ ವೈಸರಾಯ್ ಆಗಿದ್ದ ಲಾರ್ಡ್ ನಾರ್ತ್‌ಬ್ರೂಕ್ ಅವರ ಹೆಸರೇ ಅದು. ಊರಿಗೆ ಮರಳಿದ ಮೇಲೆ ಅವರು ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯ ಅಧ್ಯಕ್ಷರಾಗಿದ್ದರು. ಆ ದ್ವೀಪದ ನೈಋತ್ಯ ಮೂಲೆಯಲ್ಲಿ ಕಡಲಿಗೆ ಚಾಚಿಕೊಂಡಿರುವ ಕಲ್ಲಿನ ಮೂಗೇ ಫ್ಲೋರಾ ಭೂಶಿರ.

ಬೇಸಿಗೆಯಲ್ಲಿ ರಸ್ತೆಬದಿಯಲ್ಲಿ ಅರವಟ್ಟಿಗೆ ಇಡುವವರು, ನೀರು ಕುಡಿಯುವವನು ಯಾರು, ಯಾವೂರಿನವನು ಎಂದು ಕೇಳುವುದಿಲ್ಲ. ಗಡಿಗೆ ತುಂಬಿಸಿಟ್ಟು ಹೋಗುತ್ತಾರೆ, ಅಷ್ಟೆ. ಧ್ರುವ ಪ್ರದೇಶದ ಅನ್ವೇಷಣೆಯ ಕಾಲದಲ್ಲಿ, 1881ರಿಂದ 1914ರವರೆಗೆ, ಜನವಸತಿಯೇ ಇಲ್ಲದ ಈ ಭೂಶಿರ ಅಂಥದೇ ಒಂದು ಅರವಟ್ಟಿಗೆಯಾಗಿತ್ತು. ಒಬ್ಬರು ಬಿಟ್ಟುಹೋದದ್ದು ಇನ್ನೊಬ್ಬರ ಜೀವ ಉಳಿಸಿತು. ಬಿಟ್ಟುಹೋದದ್ದು ಬರೀ ಆಹಾರವಲ್ಲ, ತಿಳಿವಳಿಕೆ ಕೂಡ.

ಹಿಮದ ನಡುವೆ ಹೂವು

ಲ್ಯಾಟಿನ್ ಭಾಷೆಯಲ್ಲಿ ಫ್ಲೋರಾ ಎಂದರೆ ಹೂವುಗಳ ದೇವತೆ. ಒಂದು ಪ್ರದೇಶದ ಸಸ್ಯಸಂಪತ್ತಿಗೂ ವಿಜ್ಞಾನಿಗಳು ಇದೇ ಪದ ಬಳಸುತ್ತಾರೆ. ಹಿಮದ ನಾಡಿನ ಭೂಶಿರಕ್ಕೆ ಈ ಹೆಸರೇಕೆ? ಅಲ್ಲಿ ಕಡಲಿಗೆದುರಾಗಿ ಬಸಾಲ್ಟ್ ಎಂಬ ಕಪ್ಪು ಶಿಲೆಯ ಕಡಿದಾದ ಬಂಡೆಗೋಡೆಯಿದೆ. ಬೇಸಿಗೆ ಬಂದೊಡನೆ ಸಾವಿರಾರು ಕಡಲಹಕ್ಕಿಗಳು ಆ ಬಂಡೆಯ ಸಂದುಗಳಲ್ಲಿ ಮೊಟ್ಟೆಯಿಡಲು ಬರುತ್ತವೆ. ಅವು ಕಡಲಿನಲ್ಲಿ ಮೀನು ತಿಂದು, ಬಂಡೆಯ ಮೇಲೆ ಕುಳಿತು ಹಿಕ್ಕೆ ಹಾಕುತ್ತವೆ. ಸಾರಜನಕ, ರಂಜಕಗಳಿಂದ ಕೂಡಿದ ಈ ಗೊಬ್ಬರ ಕೆಳಗಿನ ಇಳಿಜಾರಿಗೆ ಇಳಿದು ಬರುತ್ತದೆ. ಇದರಿಂದಾಗಿ ಅಲ್ಲಿ ದಟ್ಟವಾದ ಹಸಿರು ಪಾಚಿ, ಗಸಗಸೆ ಜಾತಿಯ ಪುಟ್ಟ ಹಳದಿ ಹೂಗಳು ಬೆಳೆಯುತ್ತವೆ. ಕಡಲಿನ ಸತ್ವವನ್ನು ಹಕ್ಕಿಗಳು ನೆಲಕ್ಕೆ ಹೊತ್ತು ತರುತ್ತವೆ ಎನ್ನಬಹುದು.

1880ರಲ್ಲಿ ಇದನ್ನು ಕಂಡ ಇಂಗ್ಲೆಂಡಿನ ಬೆಂಜಮಿನ್ ಲೀ ಸ್ಮಿತ್ ಈ ಜಾಗಕ್ಕೆ ಫ್ಲೋರಾ ಎಂದು ಹೆಸರಿಟ್ಟ. ಮರುವರ್ಷ ಅವನು ತನ್ನ 'ಐರಾ' ಎಂಬ ಹಡಗಿನಲ್ಲಿ ಮತ್ತೆ ಬಂದ. 1881ರ ಆಗಸ್ಟ್ 21ರಂದು ಮಂಜುಗಡ್ಡೆಗಳ ನಡುವೆ ಸಿಕ್ಕ ಹಡಗು ನಜ್ಜುಗುಜ್ಜಾಗಿ, ಭೂಶಿರದ ಎದುರಿನಲ್ಲೇ ಮುಳುಗಿತು. 25 ಜನ ಕೈಗೆ ಸಿಕ್ಕಿದ ಸಾಮಾನು ಹೊತ್ತು ದಡ ಸೇರಿದರು. ಕಲ್ಲು, ಹುಲ್ಲುಹೆಂಟೆ ಜೋಡಿಸಿ ಗೋಡೆ ಕಟ್ಟಿದರು. ಹಡಗಿನ ಮರದ ತುಂಡುಗಳನ್ನೂ ಹಾಯಿಬಟ್ಟೆಯನ್ನೂ ಹೊದಿಸಿ ಗುಡಿಸಲು ಮಾಡಿಕೊಂಡರು. ಹಿಮಕರಡಿ, ವಾಲ್ರಸ್ ಬೇಟೆಯಾಡಿ ಹತ್ತು ತಿಂಗಳು ಕಳೆದರು. 1882ರ ಜೂನ್‌ನಲ್ಲಿ ನಾಲ್ಕು ದೋಣಿಗಳನ್ನೇರಿ, ಮೇಜಿನ ಮೇಲೆ ಹಾಸುವ ಬಟ್ಟೆಗಳನ್ನೇ ಹಾಯಿಯಾಗಿ ಹೊಲಿದುಕೊಂಡು, ಆರು ವಾರ ಕಡಲಿನಲ್ಲಿ ತೇಲಿ ನೊವಾಯ ಜೆಮ್ಲ್ಯ ದ್ವೀಪ ತಲುಪಿದರು. ಒಬ್ಬನೂ ಸಾಯಲಿಲ್ಲ.

ಆ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ. ತಿಂಗಳುಗಟ್ಟಲೆ ಒಣ ತಿಂಡಿ, ಉಪ್ಪು ಹಾಕಿದ ಮಾಂಸ ತಿನ್ನುವ ನಾವಿಕರಿಗೆ ಸ್ಕರ್ವಿ ರೋಗ ಬರುತ್ತಿತ್ತು. ವಸಡಿನಲ್ಲಿ ರಕ್ತ, ಸಡಿಲವಾದ ಹಲ್ಲು, ಕೊನೆಗೆ ಸಾವು. 'ಸಿ' ಜೀವಸತ್ವದ ಕೊರತೆಯೇ ಇದಕ್ಕೆ ಕಾರಣವೆಂದು ಖಚಿತವಾದದ್ದು 1930ರ ದಶಕದ ಆರಂಭದಲ್ಲಿ. ಹೆಚ್ಚು ಬೇಯಿಸದ ತಾಜಾ ಮಾಂಸದಲ್ಲಿ ಈ ಜೀವಸತ್ವ ಸ್ವಲ್ಪವಾದರೂ ಉಳಿದಿರುತ್ತದೆ. ಲೀ ಸ್ಮಿತ್‌ನ ಜೊತೆಗಾರರಿಗೆ ಜೀವಸತ್ವದ ಹೆಸರು ಗೊತ್ತಿರಲಿಲ್ಲ. ಆದರೆ ತಾಜಾ ಮಾಂಸ ತಿಂದವರು ಆರೋಗ್ಯವಾಗಿ ಹಿಂದಿರುಗಿದರು ಎಂಬ ಪಾಠವನ್ನು ಅವರು ತಮ್ಮ ಹಿಂದೆ ಬಿಟ್ಟುಹೋದರು.

ಮಂಜುಗಡ್ಡೆಯೇ ವಾಹನ

ಐರಾ ಮುಳುಗಿದ ವರ್ಷವೇ, ಆರ್ಕ್ಟಿಕ್ ಸಾಗರದ ಇನ್ನೊಂದು ಬದಿಯಲ್ಲಿ, ಸೈಬೀರಿಯದ ಉತ್ತರಕ್ಕೆ ಅಮೆರಿಕದ 'ಜಾನೆಟ್' ಎಂಬ ಹಡಗೂ ಮಂಜುಗಡ್ಡೆಗೆ ಸಿಕ್ಕಿ ಒಡೆಯಿತು. ಮೂರು ವರ್ಷಗಳ ಬಳಿಕ, 1884ರಲ್ಲಿ, ಅದರ ಅವಶೇಷಗಳು ಗ್ರೀನ್‌ಲ್ಯಾಂಡಿನ ನೈಋತ್ಯ ತೀರದಲ್ಲಿ ಸಿಕ್ಕಿದವು. ಭೂಮಿಯ ನೆತ್ತಿಯ ಈಚೆ ಬದಿಯಿಂದ ಆಚೆ ಬದಿಗೆ ಅವು ಹೋದದ್ದು ಹೇಗೆ?

ನಾರ್ವೆಯ ಪ್ರಾಣಿಶಾಸ್ತ್ರಜ್ಞ ಫ್ರಿಟ್ಯೋಫ್ ನಾನ್ಸೆನ್‌ಗೆ ಉತ್ತರ ಹೊಳೆಯಿತು. ಆರ್ಕ್ಟಿಕ್ ಸಾಗರದ ಮಂಜುಗಡ್ಡೆಯ ಹಾಸು ನಿಂತಲ್ಲೇ ನಿಂತಿಲ್ಲ. ಸೈಬೀರಿಯದ ಕಡೆಯಿಂದ ಧ್ರುವದ ಸಮೀಪ ಹಾದು ಅದು ಗ್ರೀನ್‌ಲ್ಯಾಂಡಿನ ಕಡೆಗೆ ಮೆಲ್ಲಗೆ ಸರಿಯುತ್ತಿದೆ. ಹಾಗಿದ್ದರೆ ಮಂಜುಗಡ್ಡೆಯೊಡನೆ ಹೋರಾಡುವ ಬದಲು ಅದನ್ನೇ ವಾಹನ ಮಾಡಿಕೊಳ್ಳಬಾರದೇಕೆ? ಅವನು ದುಂಡು ಹೊಟ್ಟೆಯ 'ಫ್ರಾಮ್' ಎಂಬ ಹಡಗನ್ನು ಕಟ್ಟಿಸಿದ. ಒದ್ದೆ ಹುಣಿಸೆಬೀಜವನ್ನು ಎರಡು ಬೆರಳ ನಡುವೆ ಒತ್ತಿದರೆ ಅದು ಹೇಗೆ ಜಾರಿ ಮೇಲೆ ಚಿಮ್ಮುತ್ತದೆಯೋ ಹಾಗೆ, ಮಂಜುಗಡ್ಡೆ ಎರಡೂ ಪಕ್ಕದಿಂದ ಒತ್ತಿದಾಗ ಈ ಹಡಗು ಒಡೆಯದೆ ಮೇಲಕ್ಕೆ ಏಳುತ್ತಿತ್ತು.

1893ರ ಜೂನ್‌ನಲ್ಲಿ ಹೊರಟ ಫ್ರಾಮ್ ಸೆಪ್ಟೆಂಬರ್‌ನಲ್ಲಿ ಸೈಬೀರಿಯದ ಉತ್ತರಕ್ಕೆ ಮಂಜುಗಡ್ಡೆಯಲ್ಲಿ ಸೇರಿಕೊಂಡಿತು. ಲೆಕ್ಕ ಹಾಕಿದಂತೆಯೇ ತೇಲುತ್ತಾ ಸಾಗಿತು. ಆದರೆ ಅದು ನೇರವಾಗಿ ಧ್ರುವದ ಮೇಲೆ ಹಾಯುವುದಿಲ್ಲ ಎಂದು ತಿಳಿದಾಗ ನಾನ್ಸೆನ್ ಯಾಲ್ಮಾರ್ ಯೋಹಾನ್ಸೆನ್ ಎಂಬ ಜೊತೆಗಾರನೊಡನೆ ಕಾಲ್ನಡಿಗೆಯಲ್ಲಿ ಹೊರಟ. ಅದು 1895ರ ಮಾರ್ಚ್ 14. ಅವರ ಬಳಿ ಇದ್ದದ್ದು 28 ನಾಯಿಗಳು, ಮೂರು ಜಾರುಬಂಡಿಗಳು, ಕಯಾಕ್ ಎಂಬ ಎರಡು ಕಿರುದೋಣಿಗಳು. ಏಪ್ರಿಲ್ ಎರಡನೆಯ ವಾರದ ಹೊತ್ತಿಗೆ 86 ಡಿಗ್ರಿ 14 ಮಿನಿಟು ಅಕ್ಷಾಂಶ ಮುಟ್ಟಿದರು. ಅಲ್ಲಿಯವರೆಗೆ ಯಾರೂ ಅಷ್ಟು ಉತ್ತರಕ್ಕೆ ಹೋಗಿರಲಿಲ್ಲ. ಧ್ರುವ ಇನ್ನೂ 420 ಕಿಲೋಮೀಟರ್‌ನಷ್ಟು ದೂರವಿತ್ತು. ಎದುರಿಗೆ ದಿಬ್ಬದಿಬ್ಬವಾದ ಮಂಜುಗಡ್ಡೆ. ವಿವೇಕಿಯಾದ ನಾನ್ಸೆನ್ ದಕ್ಷಿಣಕ್ಕೆ ತಿರುಗಿದ. ಫ್ರಾಮ್ ಎಲ್ಲಿಗೆ ತೇಲಿ ಹೋಗಿದೆಯೋ ತಿಳಿಯದ ಕಾರಣ ಹಡಗಿಗೆ ಮರಳುವ ದಾರಿ ಇರಲಿಲ್ಲ. ಫ್ರಾಂಜ್ ಜೋಸೆಫ್ ದ್ವೀಪಗಳೇ ಗುರಿ.

ಗಡಿಯಾರ ನಿಂತಿತು

ಏಪ್ರಿಲ್ 12ರಂದು, ಬಹಳ ಹೊತ್ತಿನ ನಡಿಗೆಯಿಂದ ದಣಿದಿದ್ದ ಇಬ್ಬರೂ ಗಡಿಯಾರಕ್ಕೆ ಕೀ ಕೊಡುವುದನ್ನು ಮರೆತರು. ಎರಡು ಗಡಿಯಾರಗಳೂ ನಿಂತುಹೋದವು.

ಹಿಮದ ನಡುವೆ ಗಂಟೆ ಎಷ್ಟಾದರೇನು ಎನ್ನಿಸಬಹುದು. ಆದರೆ ಗಡಿಯಾರ ನಿಂತರೆ ರೇಖಾಂಶವೂ ಕೈತಪ್ಪಿದಂತೆ. ಅಕ್ಷಾಂಶವನ್ನು ಮಧ್ಯಾಹ್ನದ ಸೂರ್ಯನ ಎತ್ತರ ಅಳೆದು ತಿಳಿಯಬಹುದು. ರೇಖಾಂಶಕ್ಕೆ ಗಡಿಯಾರ ಬೇಕೇ ಬೇಕು. ಭೂಮಿ 24 ಗಂಟೆಗಳಲ್ಲಿ 360 ಡಿಗ್ರಿ ಸುತ್ತುತ್ತದೆ. ಅಂದರೆ ಗಂಟೆಗೆ 15 ಡಿಗ್ರಿ, ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ. ಭಾರತದ ಗಡಿಯಾರ ಗ್ರೀನ್‌ವಿಚ್‌ಗಿಂತ ಐದೂವರೆ ಗಂಟೆ ಮುಂದಿದೆ. ಐದೂವರೆಯನ್ನು 15ರಿಂದ ಗುಣಿಸಿದರೆ ಎಂಬತ್ತೆರಡೂವರೆ. ನಮ್ಮ ದೇಶದ ಪ್ರಮಾಣ ರೇಖಾಂಶ ಪಠ್ಯಪುಸ್ತಕದಲ್ಲಿ ಅಷ್ಟೇ ತಾನೆ ಇರುವುದು? ಸೂರ್ಯನನ್ನು ನೋಡಿ ಸ್ಥಳೀಯ ಸಮಯ ತಿಳಿದು, ಗಡಿಯಾರ ತೋರಿಸುವ ಗ್ರೀನ್‌ವಿಚ್ ಸಮಯದೊಡನೆ ಹೋಲಿಸಿದರೆ, ನಿಂತ ಜಾಗದ ರೇಖಾಂಶ ಸಿಗುತ್ತದೆ. ಗ್ರೀನ್‌ವಿಚ್ ಸಮಯವೇ ಗೊತ್ತಿಲ್ಲದಿದ್ದರೆ ಲೆಕ್ಕದ ಒಂದು ಕಾಲು ಮುರಿದಂತೆ. ನಾನ್ಸೆನ್ ಅಂದಾಜಿನ ಮೇಲೆ ಗಡಿಯಾರ ತಿರುಗಿಸಿಕೊಂಡು ಮುಂದೆ ನಡೆದ.

ಇನ್ನೊಂದು ತೊಂದರೆಯೂ ಇತ್ತು. ಅವರ ಬಳಿ ಇದ್ದ ನಕ್ಷೆಯೇ ತಪ್ಪು. 1873ರಲ್ಲಿ ಈ ದ್ವೀಪಗಳನ್ನು ಕಂಡುಹಿಡಿದ ಆಸ್ಟ್ರಿಯ-ಹಂಗೇರಿಯ ತಂಡದ ಯೂಲಿಯಸ್ ಪಾಯರ್, ದ್ವೀಪಗಳ ಉತ್ತರಕ್ಕೆ ಪೀಟರ್‌ಮನ್ ಲ್ಯಾಂಡ್ ಎಂಬ ಭೂಭಾಗವಿದೆಯೆಂದು ಬರೆದಿದ್ದ. ಅಲ್ಲಿ ಭೂಮಿಯೇ ಇಲ್ಲ. ಚಳಿನಾಡಿನಲ್ಲಿ ಮಂಜಿನ ಪದರ, ಬೆಳಕಿನ ವಕ್ರೀಭವನ ಸೇರಿ ಕಣ್ಣಿಗೆ ಇಂಥ ಮೋಸ ಮಾಡುವುದುಂಟು. ಇಲ್ಲದ ನೆಲವನ್ನು ಹುಡುಕುತ್ತಾ ಇಬ್ಬರೂ ವಾರಗಟ್ಟಲೆ ನಡೆದರು. ಜುಲೈ 24ರಂದು ನಿಜವಾದ ದ್ವೀಪಗಳು ಕಂಡವು. ಆದರೆ ಅವು ನಕ್ಷೆಗೆ ಹೊಂದಲೇ ಇಲ್ಲ.

ಆಗಸ್ಟ್ ಕೊನೆಗೆ ಚಳಿಗಾಲ ಮುನ್ನುಗ್ಗಿತು. ನೆಲ ತೋಡಿ, ಕಲ್ಲು ಪಾಚಿಗಳ ಗೋಡೆ ಎಬ್ಬಿಸಿ, ವಾಲ್ರಸ್ ಚರ್ಮ ಹೊದಿಸಿ ಗುಹೆಯಂಥ ಗುಡಿಸಲು ಮಾಡಿಕೊಂಡರು. ಸುಮಾರು ಒಂಬತ್ತು ತಿಂಗಳು ಅದರಲ್ಲೇ ವಾಸ. ಕೊಬ್ಬಿನ ದೀಪ, ಕರಡಿ ಮಾಂಸ, ದಿನಕ್ಕೆ ಇಪ್ಪತ್ತು ಗಂಟೆಯವರೆಗೆ ನಿದ್ದೆ. ಓದಲು ಇದ್ದದ್ದು ನೌಕಾಯಾನದ ಕೋಷ್ಟಕ ಮತ್ತು ಪಂಚಾಂಗ ಮಾತ್ರ. ಅಷ್ಟು ದಿನ ಒಂದೇ ಹೊದಿಕೆಯಲ್ಲಿ ಮಲಗಿದರೂ ಇಬ್ಬರೂ ಪರಸ್ಪರ 'ನೀವು' ಎಂದೇ ಮಾತನಾಡುತ್ತಿದ್ದರು, ಹೊಸ ವರ್ಷದ ಹಿಂದಿನ ರಾತ್ರಿಯಷ್ಟೇ 'ನೀನು' ಎನ್ನಲು ಒಪ್ಪಿಕೊಂಡರು ಎಂಬ ಮಾತು ಪ್ರಚಲಿತವಾಗಿದೆ.

ನಾಯಿ ಬೊಗಳಿದ ಸದ್ದು

1896ರ ಮೇ 19ರಂದು ಮತ್ತೆ ದಕ್ಷಿಣಕ್ಕೆ ಪಯಣ. ಒಮ್ಮೆ ಕಯಾಕ್‌ಗಳು ಗಾಳಿಗೆ ಕಳಚಿಕೊಂಡು ತೇಲಿಹೋದಾಗ ನಾನ್ಸೆನ್ ಮಂಜಿನ ನೀರಿಗೆ ಹಾರಿ, ಈಜಿ ತಂದ. ಮೂರು ದಿನಗಳ ಬಳಿಕ ವಾಲ್ರಸ್ ಒಂದು ಅವನ ಕಯಾಕನ್ನು ತಿವಿದು ಹರಿಯಿತು. ಅದನ್ನು ರಿಪೇರಿ ಮಾಡಲು ದಡದಲ್ಲಿ ನಿಂತಿದ್ದಾಗ, ಜೂನ್ 17ರಂದು, ಹಕ್ಕಿಗಳ ಗದ್ದಲದ ನಡುವೆ ನಾಯಿ ಬೊಗಳಿದ ಸದ್ದು ಕೇಳಿಸಿತು. ಆ ಸದ್ದಿನ ಜಾಡು ಹಿಡಿದು ಹೋದ ನಾನ್ಸೆನ್‌ಗೆ ಎದುರಾದವನು ಇಂಗ್ಲೆಂಡಿನ ಫ್ರೆಡರಿಕ್ ಜಾಕ್ಸನ್. ಫ್ಲೋರಾ ಭೂಶಿರದಲ್ಲಿ 1894ರಿಂದಲೂ ಅವನ ತಂಡ ಬೀಡುಬಿಟ್ಟಿತ್ತು. ಮಸಿ, ಕೊಬ್ಬು ಹತ್ತಿ ಕಪ್ಪಾದ ಮುಖ, ಹೆಗಲಿಗಿಳಿದ ಜಡೆಗೂದಲು. ತುಸು ಹೊತ್ತಿನ ಮೇಲೆಯೇ ಜಾಕ್ಸನ್‌ಗೆ ಗುರುತು ಹತ್ತಿದ್ದು.

ವಿಶೇಷವೆಂದರೆ, ಹಿಂದೆ ಇದೇ ಜಾಕ್ಸನ್ ಫ್ರಾಮ್ ಯಾತ್ರೆಗೆ ತನ್ನನ್ನೂ ಸೇರಿಸಿಕೊಳ್ಳಬೇಕೆಂದು ಕೇಳಿದ್ದ. ನಾರ್ವೆಯವರಿಗೆ ಮಾತ್ರ ಅವಕಾಶ ಎಂದು ನಾನ್ಸೆನ್ ಒಪ್ಪಿರಲಿಲ್ಲ. ಆ ಸಿಟ್ಟನ್ನು ಜಾಕ್ಸನ್ ಇಟ್ಟುಕೊಂಡಿರಲಿಲ್ಲ. ಬದಲಿಗೆ, ಎಲ್ಲಾದರೂ ಸಿಕ್ಕರೆ ಕೊಡಬೇಕೆಂದು ನಾನ್ಸೆನ್‌ನ ಮನೆಯವರ ಪತ್ರಗಳನ್ನು ಮುಚ್ಚಿದ ತಗಡಿನ ಡಬ್ಬಿಯಲ್ಲಿ ಎರಡು ವರ್ಷ ಜೋಪಾನ ಮಾಡಿದ್ದ. ಬಿಸಿನೀರು, ಸಾಬೂನು, ಒಗೆದ ಬಟ್ಟೆ, ಬ್ರೆಡ್ಡು ಎಲ್ಲವೂ ಅವನ ಮರದ ಮನೆಯಲ್ಲಿ ಸಿಕ್ಕಿದವು. ತೂಕ ನೋಡಿದರೆ ನಾನ್ಸೆನ್ ಹಡಗು ಬಿಟ್ಟಾಗ ಇದ್ದುದಕ್ಕಿಂತ ಸುಮಾರು 10 ಕಿಲೋ ಹೆಚ್ಚಿದ್ದ! ಜಾಕ್ಸನ್‌ನ ಗಡಿಯಾರ, ಅವನ ಹೊಸ ನಕ್ಷೆಗಳನ್ನು ನೋಡಿದ ಮೇಲೆಯೇ ತಾನು ಇಷ್ಟು ದಿನ ಎಲ್ಲಿದ್ದೆ ಎಂಬುದು ನಾನ್ಸೆನ್‌ಗೆ ತಿಳಿದದ್ದು. ಆಗಸ್ಟ್ 13ರಂದು ಜಾಕ್ಸನ್‌ನ ಸರಬರಾಜು ಹಡಗಿನಲ್ಲಿ ಅವನು ನಾರ್ವೆ ಮುಟ್ಟಿದ. ಅದೇ ದಿನ ಫ್ರಾಮ್ ಕೂಡ ಮಂಜುಗಡ್ಡೆಯಿಂದ ಬಿಡಿಸಿಕೊಂಡು ತೆರೆದ ಕಡಲಿಗೆ ಬಂತು. ನಾನ್ಸೆನ್ ಊಹಿಸಿದ್ದ ಪ್ರವಾಹ ನಿಜವೆಂದು ಸಾಬೀತಾಯಿತು.

ತಲುಪದವರು, ತಲುಪಿದವರು

ಗಡಿಗೆಯಲ್ಲಿ ನೀರಿದ್ದರೆ ಸಾಲದು, ದಾರಿಹೋಕ ಅಲ್ಲಿಗೆ ತಲುಪಲೂ ಬೇಕು. 1897ರ ಜುಲೈ 11ರಂದು ಸ್ವೀಡನ್ನಿನ ಸಾಲೊಮನ್ ಆಂಡ್ರೆ ಇಬ್ಬರು ಜೊತೆಗಾರರೊಡನೆ ಜಲಜನಕದ ಬಲೂನಿನಲ್ಲಿ ಧ್ರುವದತ್ತ ಹಾರಿದ. ಮೂರೇ ದಿನಗಳಲ್ಲಿ ಬಲೂನು ಮಂಜುಗಡ್ಡೆಯ ಮೇಲೆ ಇಳಿಯಿತು. ಆಪತ್ತಿಗೆಂದು ಫ್ಲೋರಾ ಭೂಶಿರದಲ್ಲಿ ಅವರಿಗಾಗಿ ಆಹಾರ ಕೂಡಿಡಲಾಗಿತ್ತು. ಅವರು ಅತ್ತ ನಡೆದರು. ಆದರೆ ಕಾಲ ಕೆಳಗಿನ ಮಂಜುಗಡ್ಡೆ ಎದುರು ದಿಕ್ಕಿಗೆ ಸರಿಯುತ್ತಿತ್ತು. ಕೆಳಗಿಳಿಯುವ ಎಸ್ಕಲೇಟರಿನ ಮೇಲೆ ಮೇಲಕ್ಕೆ ಹತ್ತಿದಂತಾಯಿತು ಅವರ ಪಾಡು. ಸುಮಾರು ಎರಡು ವಾರ ಹೆಣಗಾಡಿ ದಿಕ್ಕು ಬದಲಿಸಿದರು. ಕೊನೆಗೆ ಬೇರೊಂದು ಒಂಟಿ ದ್ವೀಪದಲ್ಲಿ ಮೂವರೂ ಮಡಿದರು. ಅವರ ದಿನಚರಿ, ಫೋಟೋ ಫಿಲ್ಮುಗಳು ಸಿಕ್ಕಿದ್ದು 33 ವರ್ಷಗಳ ಬಳಿಕ, 1930ರಲ್ಲಿ. ನಾನ್ಸೆನ್‌ನನ್ನು ಹೊತ್ತೊಯ್ದ ಮಂಜುಗಡ್ಡೆಯೇ ಆಂಡ್ರೆಗೆ ವೈರಿಯಾಯಿತು. ಪ್ರಕೃತಿಗೆ ಪಕ್ಷಪಾತವಿಲ್ಲ.

ಮುಂದಿನ ಕಥೆ ರಷ್ಯದವರದು. 1912ರಲ್ಲಿ ಗಿಯೋರ್ಗಿ ಬ್ರುಸಿಲೋವ್‌ನ ನಾಯಕತ್ವದ 'ಸ್ವ್ಯತಾಯಾ ಆನ್ನಾ' ಹಡಗು ಕಾರಾ ಸಮುದ್ರದಲ್ಲಿ ಮಂಜುಗಡ್ಡೆಗೆ ಸಿಕ್ಕಿ, ಬಿಡಿಸಿಕೊಳ್ಳಲಾಗದೆ ಒಂದೂವರೆ ವರ್ಷ ಉತ್ತರಕ್ಕೆ ತೇಲಿತು. 1914ರ ಏಪ್ರಿಲ್‌ನಲ್ಲಿ ವಲೇರಿಯನ್ ಅಲ್ಬಾನೋವ್ ಎಂಬ ಅಧಿಕಾರಿ 13 ಜನರೊಡನೆ ಹಡಗು ಬಿಟ್ಟು ನಡೆದ. ಮೂವರು ದಾರಿಯಲ್ಲೇ ಹಡಗಿಗೆ ಮರಳಿದರು. ಅಲ್ಬಾನೋವ್‌ನ ಬಳಿ ಆ ದ್ವೀಪಗಳ ಬೇರೆ ನಕ್ಷೆಯೇ ಇರಲಿಲ್ಲ. ಹಡಗಿನಲ್ಲಿದ್ದ ನಾನ್ಸೆನ್‌ನ ಪ್ರವಾಸ ಕಥನದಲ್ಲಿ ಅಚ್ಚಾಗಿದ್ದ ನಕ್ಷೆಯೇ ಅವನಿಗೆ ದಾರಿ. ಫ್ಲೋರಾ ಭೂಶಿರದಲ್ಲಿ ಜಾಕ್ಸನ್ ಕಟ್ಟಿದ ಮನೆಯಿದೆ ಎಂಬುದೂ ಅವನಿಗೆ ತಿಳಿದದ್ದು ಆ ಪುಸ್ತಕದಿಂದಲೇ. ಹಸಿವು, ಚಳಿ, ಕಾಯಿಲೆಗಳಿಗೆ ಒಬ್ಬೊಬ್ಬರೇ ಬಲಿಯಾದರು. 11 ಜನರಲ್ಲಿ ಜುಲೈ ತಿಂಗಳಲ್ಲಿ ಫ್ಲೋರಾ ಭೂಶಿರ ಮುಟ್ಟಿದವರು ಇಬ್ಬರೇ: ಅಲ್ಬಾನೋವ್ ಮತ್ತು ನಾವಿಕ ಅಲೆಕ್ಸಾಂಡರ್ ಕೊನ್ರಾಡ್. ಅಲ್ಲಿ ಮನೆಯಿತ್ತು, ಹಿಂದಿನವರು ಬಿಟ್ಟುಹೋದ ಬಿಸ್ಕತ್ತು ಇತ್ತು. ಹಡಗಿನಲ್ಲೇ ಉಳಿದ 13 ಜನರ ಸುಳಿವು ಮುಂದೆಂದೂ ಸಿಗಲಿಲ್ಲ.

ಕೆಲವೇ ದಿನಗಳಲ್ಲಿ ಅಲ್ಲಿಗೆ ಇನ್ನೊಂದು ರಷ್ಯನ್ ಹಡಗು ಬಂತು. ಅದು 'ಸ್ವ್ಯತೋಯ್ ಫೋಕಾ'. ಅದರ ನಾಯಕ ಗಿಯೋರ್ಗಿ ಸೆಡೋವ್ ಧ್ರುವದ ದಾರಿಯಲ್ಲಿ ಆ ಮಾರ್ಚ್‌ನಲ್ಲಿ ತೀರಿಕೊಂಡಿದ್ದ. ಹಡಗಿನಲ್ಲಿ ಕಲ್ಲಿದ್ದಲು ಮುಗಿದಿತ್ತು. ಅದು ಬಂದದ್ದು ಅಲ್ಬಾನೋವ್‌ನನ್ನು ಹುಡುಕಲಿಕ್ಕಲ್ಲ, ಸೌದೆಗಾಗಿ. ಜಾಕ್ಸನ್‌ನ ಕಾಲದ ಕಟ್ಟಡದ ಮರವನ್ನು ಕಿತ್ತು ಬಾಯ್ಲರಿಗೆ ಹಾಕಿಕೊಂಡೇ ಆ ಹಡಗು ರಷ್ಯದ ತೀರ ಸೇರಬೇಕಿತ್ತು. ಹೀಗೆ ನಾನ್ಸೆನ್‌ಗೆ ಅನ್ನ ಹಾಕಿದ ಮನೆ, ಅಲ್ಬಾನೋವ್‌ಗೆ ಸೂರಾದ ಮನೆ, ಕೊನೆಗೆ ಉರುವಲಾಗಿ ಒಂದು ಹಡಗಿನ ಜನರನ್ನೆಲ್ಲ ಊರು ಮುಟ್ಟಿಸಿತು.

ಉಳಿದದ್ದೇನು?

ಇಂದು ಫ್ಲೋರಾ ಭೂಶಿರ ರಷ್ಯದ ರಾಷ್ಟ್ರೀಯ ಉದ್ಯಾನದ ಭಾಗ. ಬೇಸಿಗೆಯಲ್ಲಿ ಹಕ್ಕಿಗಳು ಈಗಲೂ ಬರುತ್ತವೆ, ಪಾಚಿ ಹಸಿರಾಗುತ್ತದೆ. ಮುಳುಗಿದ ಐರಾ ಹಡಗಿನ ಅವಶೇಷವನ್ನು 2017ರಲ್ಲಿ ರಷ್ಯದ ಶೋಧಕರು ಕಡಲ ತಳದಲ್ಲಿ ಪತ್ತೆಹಚ್ಚಿದರು.

ಪಾಯರ್‌ನ ತಪ್ಪು ನಕ್ಷೆ ನಾನ್ಸೆನ್‌ನನ್ನು ವಾರಗಟ್ಟಲೆ ಅಲೆಸಿತು. ನಾನ್ಸೆನ್ ತಾನು ಕಂಡದ್ದನ್ನು ಕಂಡಂತೆ, ಅಳೆದದ್ದನ್ನು ಅಳೆದಂತೆ ಬರೆದಿಟ್ಟ. ಹದಿನೆಂಟು ವರ್ಷಗಳ ಬಳಿಕ ಅವನು ಹೆಸರೂ ಕೇಳಿರದ ಇಬ್ಬರು ಆ ಬರಹದಿಂದ ಬದುಕಿದರು. ಪ್ರಯೋಗಶಾಲೆಯ ದಾಖಲೆ ಪುಸ್ತಕದಲ್ಲಿ ಬಂದ ಅಳತೆಯನ್ನೇ ಬರೆಯಬೇಕು, ಬರಬೇಕಾದದ್ದನ್ನಲ್ಲ ಎಂದು ಶಾಲೆಯಲ್ಲಿ ಹೇಳುವುದು ಇದಕ್ಕೇ. ಆ ಪುಟವನ್ನು ಮುಂದೆ ಓದುವವರು ಯಾರು, ಯಾವ ಅವಸರದಲ್ಲಿ ಓದುತ್ತಾರೆ ಎಂಬುದು ಬರೆಯುವವನಿಗೆ ತಿಳಿದಿರುವುದಿಲ್ಲ.

ನಾನ್ಸೆನ್ ಮುಂದೆ ಹಿಮದ ನಾಡಿನಿಂದ ದೂರ ಸರಿದು ಬೇರೊಂದು ಕೆಲಸ ಹಿಡಿದ. ಮೊದಲ ಮಹಾಯುದ್ಧದ ಬಳಿಕ ಮನೆಮಠ ಕಳೆದುಕೊಂಡವರ ಹೊಣೆಯನ್ನು 1921ರಲ್ಲಿ ರಾಷ್ಟ್ರಸಂಘ ಅವನಿಗೆ ಒಪ್ಪಿಸಿತು. ಯಾವ ದೇಶವೂ ತನ್ನವರೆನ್ನದ ನಿರಾಶ್ರಿತರಿಗೆ ಗಡಿ ದಾಟಲು ಅವನು ಕೊಡಿಸಿದ ಗುರುತುಪತ್ರಕ್ಕೆ 'ನಾನ್ಸೆನ್ ಪಾಸ್‌ಪೋರ್ಟ್' ಎಂದೇ ಹೆಸರಾಯಿತು. 1922ರಲ್ಲಿ ಅವನಿಗೆ ನೊಬೆಲ್ ಶಾಂತಿ ಪಾರಿತೋಷಕ ಸಂದಿತು. ತಾನೆಲ್ಲಿದ್ದೇನೆಂದು ತಿಳಿಯದೆ ಪರರ ಬಾಗಿಲಿಗೆ ಬರುವುದು ಎಂದರೇನು ಎಂಬುದು ಅವನಿಗೆ ಪುಸ್ತಕದಿಂದ ತಿಳಿದದ್ದಾಗಿರಲಿಲ್ಲ.